ಸೈಟೇಶನ್ ಎಣಿಸುವ ಮುನ್ನ

ಸಂಶೋಧನೆಗೆ ಹೊಸದಾಗಿ ಕಾಲಿಟ್ಟಿರುವ ಮಕ್ಕಳೇ,

ಮೇಷ್ಟ್ರ ಕೆಲಸದಿಂದ ನಿವೃತ್ತನಾದರೂ ಮಕ್ಕಳೇ ಎಂದು ಕರೆಯುವ ಚಾಳಿ ನನ್ನನ್ನು ಬಿಟ್ಟಿಲ್ಲ. ನಿಮ್ಮಲ್ಲಿ ಯಾರೇ ಮಾತಿಗೆ ಕೂತರೂ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಸಾರ್, ನನ್ನ ಎಚ್-ಇಂಡೆಕ್ಸ್ ಇನ್ನೂ ಮೂರೇ. ಪಕ್ಕದ ವಿಭಾಗದವನದು ಆಗಲೇ ಒಂಬತ್ತು." ಹೇಳುವವಳು ಗಣಿತದವಳು, ಪಕ್ಕದ ವಿಭಾಗದವನು ನ್ಯಾನೋ ವಸ್ತುಗಳ ಮೇಲೆ ಕೆಲಸ ಮಾಡುವವನು. ಈ ಹೋಲಿಕೆಗೆ ಬುಡವೇ ಇಲ್ಲ ಎಂದರೆ ತಲೆಯಾಡಿಸುತ್ತಾರೆ, ಆದರೆ ಮುಖದ ಚಿಂತೆ ಹೋಗುವುದಿಲ್ಲ.

ಅಂಕಿಗೆ ಬೆಲೆ ಕೊಡಬೇಡಿ ಎಂದು ಉಪದೇಶ ಮಾಡುವುದು ಸುಲಭ. ತಿಂಗಳಾದರೆ ಪಿಂಚಣಿ ಬರುವವನ ಬಾಯಲ್ಲಿ ಅದು ಇನ್ನೂ ಸುಲಭ. ನಿಮಗಾದರೋ ಫೆಲೋಶಿಪ್ ಸಿಗಬೇಕು, ನೌಕರಿ ಸಿಗಬೇಕು, ಅರ್ಜಿಯ ನಮೂನೆಯಲ್ಲಿ ಆ ಅಂಕಿಗೆಂದೇ ಒಂದು ಖಾನೆ ಇರುತ್ತದೆ. ಹಾಗಾಗಿ ನನ್ನ ಕಿವಿಮಾತು ಬೇರೆ. ಆ ಅಂಕಿಯ ಒಳಹೊರಗನ್ನು ಚೆನ್ನಾಗಿ ತಿಳಿದುಕೊಳ್ಳಿ. ಅದು ಯಾಕೆ ಹುಟ್ಟಿತು, ಏನನ್ನು ಎಣಿಸುತ್ತದೆ, ಏನನ್ನು ಎಣಿಸದೆ ಬಿಡುತ್ತದೆ ಎಂದು ಬಲ್ಲವರು ಅದಕ್ಕೆ ಹೆದರುವುದೂ ಇಲ್ಲ, ಅದನ್ನು ತೋರಿಸಿ ಮೆರೆಯುವುದೂ ಇಲ್ಲ.

ಮೊದಲು ಸೈಟೇಶನ್ ಸೂಚಿಯ ಹುಟ್ಟಿನ ಕಥೆ. ಒಂದು ಹಳೆಯ ತೀರ್ಪನ್ನು ಆಮೇಲಿನ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂದು ಹುಡುಕಲು ಅಮೆರಿಕದ ವಕೀಲರ ಹತ್ತಿರ 'ಶೆಪರ್ಡ್ಸ್ ಸೈಟೇಶನ್ಸ್' ಎಂಬ ಸೂಚಿ 1873ರಿಂದಲೇ ಇತ್ತು. ಯೂಜೀನ್ ಗಾರ್ಫೀಲ್ಡ್ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ವಿಜ್ಞಾನಕ್ಕೂ ಅಂಥದ್ದೊಂದು ಸೂಚಿ ಬೇಕು ಎಂದರು. 1964ರಲ್ಲಿ ಫಿಲಡೆಲ್ಫಿಯಾದ ಅವರ ಸಂಸ್ಥೆಯಿಂದ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಹೊರಬಂತು. ಒಬ್ಬರ ಲೇಖನ ಹಿಡಿದು ಹೊರಟರೆ ಅದನ್ನು ಮುಂದೆ ಯಾರು ಬಳಸಿದರು, ಯಾರು ಟೀಕಿಸಿದರು ಎಂದು ತಿಳಿಯಬೇಕು, ಇದು ಅದರ ಉದ್ದೇಶ. ಓದುಗನಿಗೆ ದಾರಿ ತೋರಿಸಲು ಮಾಡಿದ ಸೂಚಿ ಅದು.

ನಮ್ಮವರೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಮದ್ರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು ಆಮೇಲೆ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1948ರಲ್ಲೇ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಗ್ರಂಥಾಲಯದ ಕೆಲಸಕ್ಕೆ ಗಣಿತದ ಅಳತೆ ಬೇಕೆಂದು ಹೇಳಿ ಅದಕ್ಕೆ 'ಲೈಬ್ರಮೆಟ್ರಿ' ಎಂದು ಹೆಸರಿಟ್ಟಿದ್ದರು. ಬದುಕಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಅವರು ಕಟ್ಟಿದ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇವತ್ತಿಗೂ ಅಲ್ಲೇ ಇದೆ. ರಂಗನಾಥನ್ ಅವರಿಗೂ ಗಾರ್ಫೀಲ್ಡ್ ಅವರಿಗೂ ಬೇಕಾಗಿದ್ದದ್ದು ಸರಿಯಾದ ಓದುಗನಿಗೆ ಸರಿಯಾದ ಬರಹ ಸಿಗಬೇಕು ಎನ್ನುವುದು. ಮನುಷ್ಯರಿಗೆ ರ‍್ಯಾಂಕ್ ಕೊಡುವ ಕೆಲಸವನ್ನು ನಾವು ಆಮೇಲೆ ಸೈಟೇಶನ್ ಸೂಚಿಯ ತಲೆಗೆ ಕಟ್ಟಿದೆವು.

ಈಗ ಎಚ್-ಇಂಡೆಕ್ಸ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಶಾಖೆಯ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಇದನ್ನು 2005ರಲ್ಲಿ ಮುಂದಿಟ್ಟರು. ಲೆಕ್ಕ ಸರಳ. ನಿಮ್ಮ ಏಳು ಲೇಖನಗಳಿಗೆ ಕ್ರಮವಾಗಿ 40, 22, 9, 6, 5, 2, 1 ಸೈಟೇಶನ್ ಬಂದಿವೆ ಎಂದುಕೊಳ್ಳಿ. ಕನಿಷ್ಠ 5 ಸೈಟೇಶನ್ ಇರುವ ಲೇಖನಗಳು 5 ಇವೆ. ಕನಿಷ್ಠ 6 ಇರುವವು 6 ಇಲ್ಲ. ನಿಮ್ಮ ಎಚ್-ಇಂಡೆಕ್ಸ್ 5. ಈ ಪಟ್ಟಿಯ ಮೊದಲ ಲೇಖನಕ್ಕೆ 40ರ ಬದಲು 4,000 ಬಂದಿದ್ದರೂ ಅಂಕಿ 5 ಆಗಿಯೇ ಉಳಿಯುತ್ತದೆ. ಜಗತ್ತೇ ಓದಿದ ಮೂರು ಲೇಖನ ಮಾತ್ರ ಬರೆದವರ ಎಚ್-ಇಂಡೆಕ್ಸ್ ಮೂರನ್ನು ದಾಟುವುದಿಲ್ಲ. ಒಮ್ಮೆ ಏರಿದ ಅಂಕಿ ಇಳಿಯುವುದೂ ಇಲ್ಲ. ನೀವು ಸಂಶೋಧನೆ ಬಿಟ್ಟು ತೋಟ ಮಾಡಿಕೊಂಡಿದ್ದರೂ ಹಳೆಯ ಲೇಖನಗಳ ಮೇಲೆ ಅದು ಬೆಳೆಯುತ್ತಲೇ ಇರಬಹುದು. ಅಂದರೆ ವಯಸ್ಸಾದವರಿಗೆ ಅನುಕೂಲ, ಎಳೆಯರಿಗೆ ಅನಾನುಕೂಲ. ನಿಮ್ಮ ಮೂರನ್ನು ಗೈಡ್ ಅವರ ಮೂವತ್ತರ ಪಕ್ಕ ಇಟ್ಟು ಕೊರಗುವುದರಲ್ಲಿ ಅರ್ಥವೇ ಇಲ್ಲ.

ಶಾಸ್ತ್ರದಿಂದ ಶಾಸ್ತ್ರಕ್ಕೆ ಈ ಅಂಕಿ ಬದಲಾಗುತ್ತದೆ ಎನ್ನುವುದನ್ನು ಹಿರ್ಶ್ ತಮ್ಮ ಮೊದಲ ಲೇಖನದಲ್ಲೇ ಕಾಣಿಸಿದ್ದರು. ಆಗ ಭೌತವಿಜ್ಞಾನಿಗಳಲ್ಲಿ ಎಲ್ಲರಿಗಿಂತ ಮೇಲಿದ್ದ ಎಡ್ವರ್ಡ್ ವಿಟನ್ ಅವರ ಅಂಕಿ 110. ಜೀವವಿಜ್ಞಾನದ ಕಡೆಯ ಸಾಲೊಮನ್ ಸ್ನೈಡರ್ ಅವರದು 191. ಸ್ನೈಡರ್ ವಿಟನ್‌ಗಿಂತ ದೊಡ್ಡ ವಿಜ್ಞಾನಿ ಎಂದು ಇದರಿಂದ ಯಾರೂ ತೀರ್ಮಾನಿಸಲಿಲ್ಲ. 2020ರ ಹೊತ್ತಿಗೆ ಹಿರ್ಶ್ ಅವರೇ, ತಾವು ಕೊಟ್ಟ ಈ ಅಳತೆ ದಾರಿ ತಪ್ಪಿಸಬಲ್ಲದು, ಕೆಟ್ಟ ಪರಿಣಾಮಗಳನ್ನೂ ತರಬಲ್ಲದು ಎಂದು ಬರೆದರು. ಅಳತೆಯನ್ನು ಕೊಟ್ಟವರಿಗೇ ಇಷ್ಟು ಎಚ್ಚರ ಇರುವಾಗ ಅದನ್ನು ಬಳಸುವ ಸಮಿತಿಗಳಿಗೆ ಇನ್ನೂ ಹೆಚ್ಚು ಇರಬೇಕಿತ್ತು.

ಯಾಕೆ ಈ ವ್ಯತ್ಯಾಸ? ಗಣಿತದ ಲೇಖನದ ಕೊನೆಯಲ್ಲಿ ಕೆಲವೇ ಉಲ್ಲೇಖಗಳಿರುತ್ತವೆ. ಜೀವವೈದ್ಯಕೀಯ ಲೇಖನದಲ್ಲಿ ಪುಟಗಟ್ಟಲೆ. ಗಣಿತದ ಪ್ರಮೇಯವೊಂದು ಹಲವು ವರ್ಷ ಕಾದು ಓದುಗನನ್ನು ಕಾಣುತ್ತದೆ. ಜೀವವಿಜ್ಞಾನದ ಫಲಿತಾಂಶವನ್ನು ಮರುವರ್ಷವೇ ಹತ್ತು ಲ್ಯಾಬುಗಳು ಪರೀಕ್ಷಿಸುತ್ತವೆ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಜರ್ನಲ್ಲಿನ ಅಂಕಿಯಂತೂ ಹಿಂದಿನ ಎರಡು ವರ್ಷಗಳ ಲೇಖನಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ನಿಧಾನವಾಗಿ ಬೆಳೆಯುವ ಶಾಸ್ತ್ರ ಅಲ್ಲಿ ಮೊದಲೇ ಸೋತಿರುತ್ತದೆ. ಭತ್ತ ಅಳೆಯುವ ಸೇರು ಹಿಡಿದು ಬಟ್ಟೆ ಅಂಗಡಿಗೆ ಹೋದ ಹಾಗೆ, ಒಂದು ಶಾಸ್ತ್ರದ ಅಳತೆಯನ್ನು ಇನ್ನೊಂದರ ಮೇಲೆ ಹೇರಲಾಗದು.

ಅದಕ್ಕೇ ತಿಳಿದವರು ಶಾಸ್ತ್ರಕ್ಕೆ ತಕ್ಕಂತೆ ಹೊಂದಿಸಿದ ಅಂಕಿಯನ್ನು ಕೇಳುತ್ತಾರೆ. ನಿಮ್ಮ ಲೇಖನವನ್ನು ಅದೇ ಶಾಸ್ತ್ರದಲ್ಲಿ, ಅದೇ ವರ್ಷ ಬಂದ, ಅದೇ ಬಗೆಯ ಲೇಖನಗಳ ಜೊತೆ ಮಾತ್ರ ಹೋಲಿಸಬೇಕು. ಗಣಿತದ ನಿಮ್ಮ ಲೇಖನಕ್ಕೆ 12 ಸೈಟೇಶನ್, ಅದರ ಓರಗೆಯ ಲೇಖನಗಳ ಸರಾಸರಿ 4 ಎಂದುಕೊಳ್ಳಿ. ಹೊಂದಿಸಿದ ಅಂಕಿ 3. ಪಕ್ಕದವನ ಲೇಖನಕ್ಕೆ 30, ಅಲ್ಲಿಯ ಸರಾಸರಿಯೂ 30; ಅವನದು 1. ಬರೀ ಎಣಿಕೆಯಲ್ಲಿ ಅವನು ಮುಂದೆ, ತೂಕದಲ್ಲಿ ನೀವು ಮುಂದೆ. ಸ್ಕೋಪಸ್ ಎಂಬ ಸೈಟೇಶನ್ ಕೋಶದಲ್ಲಿ ಇಂಥ ಅಂಕಿ ಸಿಗುತ್ತದೆ, ವೆಬ್ ಆಫ್ ಸೈನ್ಸ್ ಎಂಬ ಇನ್ನೊಂದು ಕೋಶ ನಡೆಸುವವರೂ ಕೊಡುತ್ತಾರೆ. ಆದರೆ ಸರಾಸರಿಗೂ ಒಂದು ದೋಷವಿದೆ. ಸೈಟೇಶನ್‌ಗಳು ಸಮನಾಗಿ ಹಂಚಿಕೊಂಡಿರುವುದಿಲ್ಲ. ಕೆಲವೇ ಲೇಖನಗಳು ಬಹುಪಾಲನ್ನು ನುಂಗುತ್ತವೆ. ಹಾಗಾಗಿ ಶಾಸ್ತ್ರದ ಮೇಲಿನ ಶೇಕಡ 10 ಲೇಖನಗಳಲ್ಲಿ ನಿಮ್ಮವು ಎಷ್ಟು ಎಂದು ನೋಡುವುದು ಇನ್ನೂ ಭದ್ರವಾದ ಕ್ರಮ. ನೆದರ್ಲೆಂಡ್ಸಿನ ಲೈಡನ್ ರ‍್ಯಾಂಕಿಂಗ್ ವಿಶ್ವವಿದ್ಯಾಲಯಗಳನ್ನು ನೋಡುವಾಗ ಈ ಕ್ರಮಕ್ಕೆ ಒತ್ತು ಕೊಡುತ್ತದೆ.

ಯಾರಾದರೂ ಅಂಕಿ ಹೇಳಿದರೆ ಎಲ್ಲಿಂದ ತೆಗೆದದ್ದು, ಯಾವಾಗ ತೆಗೆದದ್ದು ಎಂದು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ. ಗೂಗಲ್ ಸ್ಕಾಲರ್ ಪ್ರಬಂಧ, ವರದಿ, ಪುಸ್ತಕ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಆಯ್ದ ಜರ್ನಲ್‌ಗಳಿಗೆ ಹೆಚ್ಚು ಗಮನ ಕೊಡುತ್ತವೆ. ಒಬ್ಬರದೇ ಎಚ್-ಇಂಡೆಕ್ಸ್ ಮೂರು ಕಡೆ ಮೂರು ಬಗೆ ಕಾಣುತ್ತದೆ. ನಮ್ಮ ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆ 'ಸ್ಟ್ಯಾನ್‌ಫರ್ಡ್‌ನ ಶೇಕಡ 2 ವಿಜ್ಞಾನಿಗಳ ಪಟ್ಟಿ'ಯ ಸುದ್ದಿ ಫೋಟೊ ಸಮೇತ ಬರುತ್ತದಲ್ಲ, ಅದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಅಲ್ಲಿಯ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಮಾಹಿತಿಯಿಂದ ತಯಾರಿಸಿದ ಪಟ್ಟಿ. ಸಹಲೇಖಕರ ನಡುವೆ ಲೇಖಕನ ಸ್ಥಾನ ಎಲ್ಲಿತ್ತು, ತನ್ನನ್ನು ತಾನೇ ಉಲ್ಲೇಖಿಸಿಕೊಂಡದ್ದು ಎಷ್ಟು ಎನ್ನುವುದನ್ನೂ ಅದರಲ್ಲಿ ಕೊಟ್ಟಿದ್ದಾರೆ. ಸುದ್ದಿಯಲ್ಲಿ ಬರುವುದು ಹೆಸರು ಮಾತ್ರ. ನೀವು ಆ ಉಳಿದ ಕಾಲಂಗಳನ್ನೂ ಓದಿ.

ಇನ್ನು, ಸೈಟೇಶನ್ ಹೆಚ್ಚು ಬಂದರೆ ಸಂಶೋಧನೆ ದೊಡ್ಡದೇ? 2014ರಲ್ಲಿ 'ನೇಚರ್' ಪತ್ರಿಕೆ ಅತಿಹೆಚ್ಚು ಉಲ್ಲೇಖಗೊಂಡ ನೂರು ಲೇಖನಗಳ ಪಟ್ಟಿ ಮಾಡಿತು. ಮೊದಲ ಸ್ಥಾನದಲ್ಲಿದ್ದದ್ದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಲೇಖನ. ಸೈಟೇಶನ್ 3 ಲಕ್ಷ ದಾಟಿತ್ತು. ಡಿಎನ್‌ಎ ಜೋಡಿಸುರುಳಿಯನ್ನು ಜಗತ್ತಿಗೆ ತೋರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನ ಆ ನೂರರಲ್ಲಿ ಇರಲೇ ಇಲ್ಲ. ಲೌರಿ ಅವರ ಕೆಲಸ ಸಣ್ಣದು ಎಂದು ನಾನು ಹೇಳುತ್ತಿಲ್ಲ. ದಿನವೂ ಲ್ಯಾಬಿನಲ್ಲಿ ಬಳಸುವ ವಿಧಾನಕ್ಕೆ ಪ್ರತಿಸಲವೂ ಋಣ ಸಲ್ಲಿಸುತ್ತಾರೆ. ಎಲ್ಲರ ಅರಿವಿನಲ್ಲಿ ಬೆರೆತುಹೋದ ಸತ್ಯಕ್ಕೆ ಯಾರೂ ಅಡಿಟಿಪ್ಪಣಿ ಹಾಕುವುದಿಲ್ಲ.

ಜಿ. ಎನ್. ರಾಮಚಂದ್ರನ್ ಅವರ ವಿಷಯದಲ್ಲೂ ಹೀಗೇ ಆಯಿತು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಕಲಿತವರು. ಮದ್ರಾಸಿನಲ್ಲಿದ್ದಾಗ 1963ರಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರ ಜೊತೆ ಪ್ರೋಟೀನ್ ಸರಪಣಿ ಹೇಗೆಲ್ಲ ಮಡಚಿಕೊಳ್ಳಬಲ್ಲದು ಎನ್ನುವುದಕ್ಕೆ ಒಂದು ನಕ್ಷೆ ಕೊಟ್ಟರು. 1971ರಲ್ಲಿ ಬೆಂಗಳೂರಿಗೆ ಮರಳಿ ಅಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು.  ಇವತ್ತು ಆ ನಕ್ಷೆಯ ಹೆಸರಾದ 'ರಾಮಚಂದ್ರನ್ ಪ್ಲಾಟ್' ಎಂಬ ಮಾತಿಲ್ಲದೆ ಪ್ರೋಟೀನ್ ರಚನೆಯ ಪಾಠ ನಡೆಯುವುದಿಲ್ಲ. ಆದರೆ ಆ ಹೆಸರನ್ನು ಬರೆಯುವ ಎಷ್ಟೋ ಜನ 1963ರ ಲೇಖನವನ್ನು ಉಲ್ಲೇಖಿಸುವುದಿಲ್ಲ. ಹೆಸರೇ ಸಾಮಾನ್ಯ ಪದವಾದಾಗ ಉಲ್ಲೇಖ ನಿಲ್ಲುತ್ತದೆ. ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಈ ವಿದ್ಯಮಾನವನ್ನು ಗುರುತಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದರು.

ಈಗ ನಾನು ನಿಮ್ಮನ್ನು ನಮ್ಮ ಹೂವಿನಹಡಗಲಿಗೆ ಕರೆದೊಯ್ಯಬೇಕು. ಕಲ್ಯಂಪುಡಿ ರಾಧಾಕೃಷ್ಣ ರಾವ್, ಅಂದರೆ ಸಿ. ಆರ್. ರಾವ್, 1920ರಲ್ಲಿ ಅಲ್ಲಿ ಹುಟ್ಟಿದರು. ಮನೆಮಾತು ತೆಲುಗು, ಊರು ಆಗಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯದು, ಈಗ ವಿಜಯನಗರ ಜಿಲ್ಲೆಯದು. ಕೋಲ್ಕತ್ತದಲ್ಲಿ ಮಹಾಲನೋಬಿಸ್ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆ ಸೇರಿ ಎಳೆಯ ವಯಸ್ಸಿನಲ್ಲೇ ಪಾಠ ಹೇಳುತ್ತಿದ್ದರು. ತರಗತಿಯಲ್ಲಿ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಿದರು: ಮಾದರಿ ಬಹಳ ದೊಡ್ಡದಾದಾಗ ನಿಜವಾಗುವ ಈ ಸೂತ್ರ ಸಣ್ಣ ಮಾದರಿಗೂ ಒಪ್ಪುತ್ತದೆಯೇ? ರಾವ್ ಅದರ ಬೆನ್ನು ಹತ್ತಿ ಉತ್ತರ ಕಂಡುಕೊಂಡರು. 1945ರಲ್ಲಿ ಆ ಕೆಲಸ ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್ನಿನಲ್ಲಿ ಅಚ್ಚಾಯಿತು. ಇಂದಿನ ಯಾವ ಆಯ್ಕೆ ಸಮಿತಿಯೂ ಆ ಜರ್ನಲ್ಲಿನ ಹೆಸರು ಕೇಳಿ ಕಣ್ಣರಳಿಸುತ್ತಿರಲಿಲ್ಲ. ಆದರೆ ಕ್ರಾಮೆರ್-ರಾವ್ ಮಿತಿ, ರಾವ್-ಬ್ಲ್ಯಾಕ್‌ವೆಲ್ ಪ್ರಮೇಯ ಎರಡೂ ಅಲ್ಲಿಂದ ಬಂದವು. ಸಂಖ್ಯಾಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಅವಿಲ್ಲದ ಪುಸ್ತಕವಿಲ್ಲ. ಆ ಕೆಲಸವನ್ನು ನೆನೆದು ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಸಂದದ್ದು 2023ರಲ್ಲಿ, ಅವರ 102ನೇ ವಯಸ್ಸಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಪ್ರಶ್ನೆ ಕೇಳಿದ ದಾಂಡೇಕರ್ ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞರಾದರು. ಆದರೆ ಆ ಪ್ರಶ್ನೆ ಯಾವ ಸೈಟೇಶನ್ ಲೆಕ್ಕದಲ್ಲೂ ಇಲ್ಲ.

ರಾವ್ ಅವರ ಕಥೆಯನ್ನು ಹೇಳಲು ಇನ್ನೊಂದು ಕಾರಣವೂ ಇದೆ. ಶಾಸ್ತ್ರಗಳ ಬೇಲಿ ದಾಟಿ ಕೂಡಿ ದುಡಿಯುವುದು ಹೇಗೆ ಎಂದು ಅವರಿಂದ ಕಲಿಯಬಹುದು. 1946ರಲ್ಲಿ ಅವರು ಕೇಂಬ್ರಿಡ್ಜಿಗೆ ಹೋದದ್ದು ಅಲ್ಲಿಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದ ಕೆಲಸಕ್ಕೆ. ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಬೇಕಿತ್ತು. ಜೊತೆಗಿದ್ದವರು ಮುಂದೆ ಸಮಾಜಶಾಸ್ತ್ರಜ್ಞರಾದ ರಾಮಕೃಷ್ಣ ಮುಖರ್ಜಿ ಮತ್ತು ಕೇಂಬ್ರಿಡ್ಜಿನ ಜೆ. ಸಿ. ಟ್ರೆವರ್, ಮೂವರ ಹೆಸರಿನಲ್ಲಿ 1955ರಲ್ಲಿ ಪುಸ್ತಕ ಬಂತು. ಎಲುಬಿನ ಅಳತೆಗಳ ಸಮಸ್ಯೆಗೆ ಸಂಖ್ಯಾಶಾಸ್ತ್ರ ಬೇಕಾಯಿತು. ಆ ಸಮಸ್ಯೆಗಳಿಂದ ಸಂಖ್ಯಾಶಾಸ್ತ್ರವೂ ಬೆಳೆಯಿತು. ಸಹಯೋಗ ಎಂದರೆ ಇದು. ಎರಡು ಕಡೆಯವರೂ ತಮ್ಮ ಶಾಸ್ತ್ರಕ್ಕೆ ಏನಾದರೂ ಹೊಸದನ್ನು ಹಿಡಿದು ಮನೆಗೆ ಹೋಗಬೇಕು.

ಮುಂದೆ 1982ರಲ್ಲಿ ಜೀವವಿಜ್ಞಾನದ ಜರ್ನಲ್ ಒಂದರಲ್ಲಿ ರಾವ್ ವೈವಿಧ್ಯವನ್ನು ಅಳೆಯುವ ಸೂತ್ರವೊಂದನ್ನು ಬರೆದರು. ಕಾಡಿನಲ್ಲಿ ಎಷ್ಟು ಜಾತಿಗಳಿವೆ, ಯಾವ ಜಾತಿಯ ಪಾಲು ಎಷ್ಟಿದೆ ಎಂದು ನೋಡಿದರೆ ಸಾಲದು. ಆ ಜಾತಿಗಳು ಒಂದಕ್ಕೊಂದು ಎಷ್ಟು ದೂರ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಎರಡು ಜಾತಿಗಳ ಪಾಲುಗಳನ್ನು ಗುಣಿಸಿ, ಅವುಗಳ ನಡುವಿನ ದೂರದಿಂದ ಮತ್ತೆ ಗುಣಿಸಿ, ಎಲ್ಲ ಜೋಡಿಗಳಿಗೂ ಹೀಗೆ ಮಾಡಿ ಕೂಡಿಸಬೇಕು. 2007ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಆಂಡಿ ಸ್ಟರ್ಲಿಂಗ್ ಇದೇ ಬಗೆಯ ಅಳತೆಯನ್ನು ವಿಜ್ಞಾನ ಮತ್ತು ಸಮಾಜದ ಅಧ್ಯಯನಕ್ಕೆ ತಂದರು. ಇವತ್ತು ಒಬ್ಬ ಸಂಶೋಧಕಿ ಎಷ್ಟು ಶಾಸ್ತ್ರಗಳನ್ನು ಬೆಸೆದಿದ್ದಾಳೆ ಎಂದು ತಿಳಿಯಲು ಅವಳ ಉಲ್ಲೇಖಗಳ ಪಟ್ಟಿಯ ಮೇಲೆ ರಾವ್-ಸ್ಟರ್ಲಿಂಗ್ ಸೂತ್ರವನ್ನು ಹಾಕಿ ನೋಡುತ್ತಾರೆ. ಸಾವಯವ ರಸಾಯನ, ಅಸಾವಯವ ರಸಾಯನ ಎರಡನ್ನೂ ಉಲ್ಲೇಖಿಸಿದರೆ ಅಂಕಿ ಹೆಚ್ಚು ಏರದು, ಅವೆರಡೂ ನೆರೆಮನೆಗಳು. ಶಾಸನಶಾಸ್ತ್ರವನ್ನೂ ಮಣ್ಣಿನ ವಿಜ್ಞಾನವನ್ನೂ ಒಂದೇ ಲೇಖನದಲ್ಲಿ ಬೆಸೆದರೆ ಏರುತ್ತದೆ.

ಹೀಗೆ ದೂರದ ಶಾಸ್ತ್ರಗಳನ್ನು ಬೆಸೆಯುವವರು ಒಂದಕ್ಕೆ ಸಿದ್ಧರಾಗಿರಬೇಕು. ಮನ್ನಣೆ ತಡವಾಗಿ ಬರುತ್ತದೆ. ಜಿಯಾನ್ ವಾಂಗ್, ರೈನ್‌ಹಿಲ್ಡೆ ವ್ಯೂಗೆಲರ್ಸ್, ಪೌಲಾ ಸ್ಟೀಫನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದೆ ಯಾರೂ ಜೋಡಿಸದ ಜ್ಞಾನಗಳನ್ನು ಜೋಡಿಸುವ ಲೇಖನಗಳಿಗೆ ಮೊದಲ ಕೆಲವು ವರ್ಷ ಸೈಟೇಶನ್ ಕಡಿಮೆ. ಹೆಚ್ಚಾಗಿ ಅವು ಕಡಿಮೆ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಜರ್ನಲ್‌ಗಳಲ್ಲಿ ಬರುತ್ತವೆ. ದೀರ್ಘಕಾಲದಲ್ಲಿ ಅತಿಹೆಚ್ಚು ಉಲ್ಲೇಖಗೊಳ್ಳುವ ಸಾಧ್ಯತೆ ಮಾತ್ರ ಅವುಗಳಿಗೇ ಹೆಚ್ಚು, ಅದೂ ಪರಶಾಸ್ತ್ರದವರಿಂದ. ಮೂರು ವರ್ಷದ ಅಂಕಿ ನೋಡಿ ಎದೆಗುಂದಬೇಡಿ. ಹಾಗೆಂದು ಇಡೀ ಪಿಎಚ್.ಡಿ.ಯನ್ನು ಇಂಥ ಒಂದೇ ಪಣಕ್ಕೆ ಒಡ್ಡಬೇಡಿ. ನಿಮ್ಮ ಶಾಸ್ತ್ರದೊಳಗೇ ನಿಲ್ಲುವ ಗಟ್ಟಿ ಲೇಖನ ಒಂದಾದರೂ ಜೊತೆಗಿರಲಿ.

ಸಹಯೋಗದ ಲೆಕ್ಕಕ್ಕೂ ಶಾಸ್ತ್ರದ ಹಿನ್ನೆಲೆ ಬೇಕು. ಮಾರ್ಕ್ ನ್ಯೂಮನ್ 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಒಬ್ಬ ಜೀವವಿಜ್ಞಾನಿಗೆ ಸರಾಸರಿ 18 ಸಹಲೇಖಕರು, ಭೌತವಿಜ್ಞಾನಿಗೆ 10ರ ಹತ್ತಿರ, ಗಣಿತಜ್ಞನಿಗೆ 4ರ ಹತ್ತಿರ. ಗಣಿತದಲ್ಲೇ ಪಾಲ್ ಏರ್ಡಿಶ್ ಎಂಬ ಮಹಾಶಯ ಚೀಲ ಹಿಡಿದು ಊರೂರು ತಿರುಗುತ್ತ 500ಕ್ಕೂ ಹೆಚ್ಚು ಜನರ ಜೊತೆ ಕೂಡಿ ಬರೆದರು. ಇನ್ನೊಂದು ತುದಿಯಲ್ಲಿ, ಹಿಗ್ಸ್ ಕಣದ ತೂಕದ ಬಗ್ಗೆ 2015ರಲ್ಲಿ ಬಂದ ಲೇಖನಕ್ಕೆ 5,154 ಲೇಖಕರು. ಅದರ 33 ಪುಟಗಳಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳಿಗೇ ಹೋಯಿತು. ಆ ಲೇಖನದ ಪ್ರತಿ ಸೈಟೇಶನ್ ಐದು ಸಾವಿರ ಜನರ ಖಾತೆಗೂ ಪೂರ್ತಿ ಜಮೆಯಾಗುತ್ತದೆ. ಲೇಖಕರ ಸಂಖ್ಯೆಯಿಂದ ಭಾಗಿಸಿ ಹಂಚುವ ಕ್ರಮವೂ ಇದೆ. ನಿಮ್ಮ ಅಂಕಿಯನ್ನು ಎರಡೂ ರೀತಿಯಲ್ಲಿ ಒಮ್ಮೆ ಲೆಕ್ಕ ಹಾಕಿ ನೋಡಿ, ಕಣ್ಣು ತೆರೆಯುತ್ತದೆ. ಆ ಕಣದ ಇರವನ್ನು 1964ರಲ್ಲೇ ಊಹಿಸಿ ಒಬ್ಬರೇ ಬರೆದ ಪೀಟರ್ ಹಿಗ್ಸ್, ಇಂದಿನ ವ್ಯವಸ್ಥೆಯಲ್ಲಿ ತಮಗೆ ವಿಶ್ವವಿದ್ಯಾಲಯದ ಕೆಲಸವೇ ಸಿಗುತ್ತಿರಲಿಲ್ಲ ಎಂದು ನೊಬೆಲ್ ಪಡೆದ ವರ್ಷವೇ ಹೇಳಿದ್ದರು.

ದೊಡ್ಡ ತಂಡ ಮೇಲೋ ಸಣ್ಣ ತಂಡವೋ? ಲಿಂಗ್‌ಫೆಯಿ ವು, ದಾಶುನ್ ವಾಂಗ್, ಜೇಮ್ಸ್ ಇವಾನ್ಸ್ 2019ರಲ್ಲಿ 6.5 ಕೋಟಿಗೂ ಹೆಚ್ಚು ಲೇಖನ, ಪೇಟೆಂಟ್, ಸಾಫ್ಟ್‌ವೇರ್‌ಗಳನ್ನು ನೋಡಿ ಹೇಳಿದ್ದು: ದೊಡ್ಡ ತಂಡಗಳು ಇರುವ ವಿಚಾರವನ್ನು ಬೆಳೆಸುತ್ತವೆ, ಸಣ್ಣ ತಂಡಗಳು ಹೊಸ ದಾರಿ ಒಡೆಯುತ್ತವೆ. ಎರಡೂ ಬೇಕು. ನಿಮ್ಮ ಪ್ರಶ್ನೆಗೆ ಎಷ್ಟು ಜನ ಬೇಕೋ ಅಷ್ಟೇ ಜನ ಇರಲಿ, ಸೈಟೇಶನ್‌ಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಜನ ಸೇರಿಸಬೇಡಿ.

ಕೂಡಿ ಕೆಲಸ ಮಾಡುವಾಗ ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಳ್ಳಬೇಕಾದದ್ದು ಹೆಸರಿನ ಕ್ರಮ. ಗಣಿತದಲ್ಲೂ ಅರ್ಥಶಾಸ್ತ್ರದಲ್ಲೂ ಹೆಸರುಗಳು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿ ಬರುತ್ತವೆ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಲ್ಯಾಬಿನ ಮುಖ್ಯಸ್ಥರದು, ನಡುವಿನವರು ಕೈಜೋಡಿಸಿದವರು. ಗಣಿತದ ಹುಡುಗಿ ಜೀವವಿಜ್ಞಾನಿಗಳ ಜೊತೆ ಬರೆದು ಹೆಸರು ನಡುವೆ ಬಂದರೆ ಅವಳ ಕಡೆಯವರು ಗಮನಿಸುವುದಿಲ್ಲ, ಇವರ ಕಡೆಯವರು ಅವಳ ಪಾಲು ಸಣ್ಣದು ಎಂದುಕೊಳ್ಳುತ್ತಾರೆ. ಸಂಕೋಚಪಟ್ಟು ಸುಮ್ಮನಿದ್ದರೆ ನಷ್ಟ ನಿಮ್ಮದೇ. ಈಗ ಅನೇಕ ಜರ್ನಲ್‌ಗಳು 'ಕ್ರೆಡಿಟ್' ಎಂಬ ಪಟ್ಟಿಯಂತೆ 14 ಬಗೆಯ ಪಾತ್ರಗಳಲ್ಲಿ ಯಾರದು ಯಾವುದು ಎಂದು ಬರೆಸಿಕೊಳ್ಳುತ್ತವೆ: ಕಲ್ಪನೆ ಯಾರದು, ಮಾಹಿತಿ ಕಲೆಹಾಕಿದ್ದು ಯಾರು, ಲೆಕ್ಕ ಮಾಡಿದ್ದು ಯಾರು, ಮೊದಲ ಕರಡು ಬರೆದದ್ದು ಯಾರು. ಜರ್ನಲ್ ಕೇಳದಿದ್ದರೂ ನೀವೇ ಬರೆದಿಟ್ಟುಕೊಳ್ಳಿ.

ಇನ್ನೊಂದು ನಮ್ಮಲ್ಲೇ ಹೆಚ್ಚು ಕಾಣುವ ರೋಗ. "ವಿಭಾಗದ ಮುಖ್ಯಸ್ಥರ ಹೆಸರೂ ಇರಲಿ, ಒಳ್ಳೆಯದಾಗುತ್ತದೆ" ಎನ್ನುವ ಒತ್ತಾಯ ಬರುತ್ತದೆ. ಗೌರವ ತೋರಿಸಲು ಕೃತಜ್ಞತೆಯ ಭಾಗವಿದೆ, ಲೇಖಕರ ಸಾಲು ಅದಕ್ಕಲ್ಲ. ಕೆಲಸದಲ್ಲಿ ಪಾಲಿಲ್ಲದವರು, ತಪ್ಪಾದರೆ ಹೊಣೆ ಹೊರಲಾರದವರು ಲೇಖಕರಾಗಲಾರರು. ಎಳೆಯರಾದ ನಿಮಗೆ ಇದನ್ನು ಹೇಳುವುದು ಕಷ್ಟ ಎಂದು ಬಲ್ಲೆ. ಜರ್ನಲ್ಲಿನ ನಿಯಮವನ್ನು ಮುಂದಿಟ್ಟು ವಿನಯದಿಂದ ಹೇಳಿ, ಆಗ ಮಾತು ನಿಮ್ಮದಾಗುವುದಿಲ್ಲ, ನಿಯಮದ್ದಾಗುತ್ತದೆ.

ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಎರಡು ಮಾತು ಪ್ರತ್ಯೇಕವಾಗಿ ಹೇಳಬೇಕು. ಎಂ. ಚಿದಾನಂದಮೂರ್ತಿ ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ', ಎಂ. ಎಂ. ಕಲಬುರ್ಗಿ ಅವರ 'ಮಾರ್ಗ' ಸಂಪುಟಗಳು ಇಲ್ಲದೆ ನಮ್ಮ ನಾಡಿನ ಚರಿತ್ರೆಯ ಸಂಶೋಧನೆ ಒಂದು ಹೆಜ್ಜೆ ಮುಂದಿಡದು. ಆದರೆ ಒಂದು ಕನ್ನಡ ಪುಸ್ತಕದ ಅಡಿಟಿಪ್ಪಣಿಯಲ್ಲಿ ಇನ್ನೊಂದು ಕನ್ನಡ ಪುಸ್ತಕ ಬಂದರೆ ಸ್ಕೋಪಸ್ಸಿನ ಲೆಕ್ಕಕ್ಕೆ ಅದು ಸಿಗುವುದು ಅಪರೂಪ. ಆ ಸೂಚಿಗಳು ಕನ್ನಡವನ್ನು ಓದುವುದೇ ಕಡಿಮೆ. ಅಲ್ಲಿಯ ಸೊನ್ನೆಗೆ ನಿಮ್ಮ ಕೆಲಸ ಕಾರಣವಲ್ಲ. ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವುದರ ಬಗ್ಗೆ 2015ರಲ್ಲಿ ಬಂದ ಲೈಡನ್ ಪ್ರಣಾಳಿಕೆ ತನ್ನ ಹತ್ತು ಸೂತ್ರಗಳಲ್ಲಿ ಒಂದನ್ನು, ಆಯಾ ನೆಲದ ಮತ್ತು ಭಾಷೆಯ ಸಂಶೋಧನೆಯನ್ನು ಕಾಪಾಡುವುದಕ್ಕೇ ಮೀಸಲಿಟ್ಟಿದೆ. ಸಮಿತಿಯ ಮುಂದೆ ಅದನ್ನು ಧೈರ್ಯವಾಗಿ ಹೇಳಿ. ಜೊತೆಗೆ ನಿಮ್ಮ ಪುಸ್ತಕವನ್ನು ಯಾರು ಪಾಠಕ್ಕೆ ಇಟ್ಟರು, ಯಾವ ವಿಮರ್ಶೆ ಬಂತು, ಯಾವ ಸಂಶೋಧನೆ ಅದರಿಂದ ಹೊರಟಿತು ಎಂದು ನೀವೇ ದಾಖಲೆ ಮಾಡಿಟ್ಟುಕೊಳ್ಳಿ.

ಹೆಸರಿನ ವಿಷಯವೂ ಸಣ್ಣದಲ್ಲ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗುತ್ತವೆ. ಒಂದು ಲೇಖನದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಮದುವೆಯಾದ ಮೇಲೆ ಮತ್ತೊಂದು. ಕಂಪ್ಯೂಟರ್ ನಿಮ್ಮನ್ನು ಮೂರು ಜನರನ್ನಾಗಿ ಮಾಡುತ್ತದೆ, ಇಲ್ಲವೇ ಬೇರೆ ಮೂವರು ಕುಮಾರರನ್ನು ನಿಮ್ಮ ಜೊತೆ ಸೇರಿಸುತ್ತದೆ. 2012ರಿಂದ ಇರುವ ಆರ್ಕಿಡ್ ಎಂಬ ವ್ಯವಸ್ಥೆ ಸಂಶೋಧಕರಿಗೆ ಕೊಡುವ 16 ಅಂಕಿಗಳ ಗುರುತು ಉಚಿತ. ಮೊದಲ ಲೇಖನಕ್ಕೂ ಮುಂಚೆ ಅದನ್ನು ಮಾಡಿಕೊಂಡು, ಹೆಸರನ್ನು ಯಾವಾಗಲೂ ಒಂದೇ ರೀತಿ ಬರೆಯಿರಿ. ಬೇರೆಯವರ ಲೇಖನ ನಿಮ್ಮ ಪ್ರೊಫೈಲಿಗೆ ಬಂದು ಸೇರಿದ್ದರೆ ನೀವೇ ತೆಗೆದುಹಾಕಿ.

ಕೊನೆಗೆ ಅಡ್ಡದಾರಿಗಳ ಬಗ್ಗೆ. ಒಂದು ಕೆಲಸವನ್ನು ಐದು ಚೂರು ಮಾಡಿ ಐದು ಲೇಖನ ಬರೆಯುವುದು, ನೀನು ನನ್ನನ್ನು ಉಲ್ಲೇಖಿಸು ನಾನು ನಿನ್ನನ್ನು ಉಲ್ಲೇಖಿಸುತ್ತೇನೆ ಎಂಬ ಕೂಟ ಕಟ್ಟುವುದು, ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್ಲಿಗೆ ಕಳಿಸುವುದು, ಇವೆಲ್ಲ ನಿಮ್ಮ ಸುತ್ತಲೂ ನಡೆಯುತ್ತಿವೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸಿನ ವಿಷಯದಲ್ಲಿ ಕಂಡ ಮಾತು ಇಲ್ಲಿಗೂ ಹೊಂದುತ್ತದೆ: ಅಳತೆಯೇ ಗುರಿಯಾದ ದಿನ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿದೆ. ಆತುರದ ಪ್ರಕಟಣೆಗೆ ಇದ್ದ ಒಂದು ನೆಪ ಹೋಯಿತು. ಸ್ವಂತ ಹಳೆಯ ಲೇಖನವನ್ನು ಅಗತ್ಯವಿದ್ದಲ್ಲಿ ಉಲ್ಲೇಖಿಸುವುದು ತಪ್ಪಲ್ಲ. ಅಂಕಿ ಏರಿಸಲು ತುರುಕುವುದು ತಪ್ಪು. ಕಳ್ಳಮಾರ್ಗದಲ್ಲಿ ಏರಿದ ಅಂಕಿಯನ್ನು ಈಗ ಅದೇ ಕಂಪ್ಯೂಟರುಗಳು ಪತ್ತೆಹಚ್ಚುತ್ತವೆ, ಲೇಖನ ಹಿಂದೆಗೆದುಕೊಂಡ ಸುದ್ದಿ ಹೆಸರಿಗೆ ಅಂಟಿಕೊಂಡರೆ ಹೋಗುವುದಿಲ್ಲ.

ಸಂಶೋಧಕರನ್ನು ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಅಳೆಯಬಾರದು, ಬರಹದ ಹುರುಳು ನೋಡಬೇಕು ಎಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಕೇಳಿಕೊಂಡಿತು. ನಮ್ಮ ಸಮಿತಿಗಳೆಲ್ಲ ಅಷ್ಟು ದೂರ ಬರುವವರೆಗೆ ನೀವು ಕಾಯಬೇಕಿಲ್ಲ. ಅರ್ಜಿಯಲ್ಲಿ ಎಚ್-ಇಂಡೆಕ್ಸ್ ಕೇಳಿದರೆ ಕೊಡಿ. ಎಲ್ಲಿಂದ, ಯಾವ ದಿನಾಂಕದಂದು ತೆಗೆದದ್ದು ಎಂದೂ ಬರೆಯಿರಿ. ನಿಮ್ಮ ಶಾಸ್ತ್ರದಲ್ಲಿ ನಿಮ್ಮ ಓರಗೆಯವರ ನಡುವೆ ಅದು ಎಲ್ಲಿ ನಿಲ್ಲುತ್ತದೆ ಎಂದು ಒಂದು ಸಾಲು ಸೇರಿಸಿ. ಆಮೇಲೆ ನಿಮ್ಮ ಮೂರು ಒಳ್ಳೆಯ ಲೇಖನಗಳನ್ನು ಆರಿಸಿ, ಪ್ರಶ್ನೆ ಏನಿತ್ತು, ಏನು ಸಿಕ್ಕಿತು, ಅದರಲ್ಲಿ ನಿಮ್ಮ ಕೈಕೆಲಸ ಯಾವುದು, ಜೊತೆಗಾರರದು ಯಾವುದು ಎಂದು ಒಂದು ಪುಟ ಬರೆಯಿರಿ. ವರ್ಷಕ್ಕೊಮ್ಮೆ ಆ ಪುಟವನ್ನು ಹೊಸದಾಗಿ ಬರೆಯಿರಿ. ಅದನ್ನು ನಿಮ್ಮ ಜೊತೆಗಾರರೆಲ್ಲರ ಮುಂದೆ ತಡವರಿಸದೆ ಓದಬಲ್ಲಿರಾದರೆ, ಎಚ್-ಇಂಡೆಕ್ಸ್ ಮೂರಿರಲಿ ಮೂವತ್ತಿರಲಿ, ನೀವು ಒಳ್ಳೆಯ ಸಂಶೋಧಕರೇ.